‘ಶಾಡಿ’ ಪದವನ್ನು ನಾನು ಕಲಿತ ಬಗೆ

ಚಿತ್ರದುರ್ಗದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರ ನೋಟ್‌ಬುಕ್‌ನಲ್ಲಿ ಪದಗಳ ಉದ್ದ ಪಟ್ಟಿ ಇರುತ್ತದೆ. ಎದುರಿಗೆ ಒಂದೊಂದು ಕನ್ನಡ ಅರ್ಥ. ನನಗಂತೂ ಆ ಪಟ್ಟಿ ಒಗ್ಗಲಿಲ್ಲ. ಪದ ಯಾವ ಕೆಲಸದಲ್ಲಿ ಹುಟ್ಟಿತು ಎಂದು ಮೊದಲು ಹುಡುಕುತ್ತೇನೆ. ‘ಶಾಡಿ’ (shoddy) ಎಂಬ ಇಂಗ್ಲಿಷ್ ಪದವನ್ನೂ ಹಾಗೇ ಕಲಿತೆ. (ಹುಡುಗರು ‘ಯಾರ ಶಾದಿ ಸರ್?’ ಅಂತ ನಗುತ್ತಾರೆ. ನಗಲಿ ಬಿಡಿ.)

ನಿಘಂಟು ‘ಕಳಪೆ’ ಎನ್ನುತ್ತದೆ. ಸರಿ, ಎಂಥ ಕಳಪೆ? ಮೂಲದಲ್ಲಿ ಇದು ಒಂದು ಬಗೆಯ ಉಣ್ಣೆಯ ಹೆಸರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಬ್ಯಾಟ್ಲಿ ಎಂಬ ಊರಿದೆ. ಅಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತ ಹಳೆಯ ಉಣ್ಣೆ ಬಟ್ಟೆಯ ಚಿಂದಿ ಹರಿದು, ಎಳೆ ಬಿಡಿಸಿ, ಹೊಸ ಉಣ್ಣೆ ಬೆರೆಸಿ ಮತ್ತೆ ನೂಲು ತೆಗೆದ. ಅದೇ ಶಾಡಿ. ಆಗ ಅದು ಬೈಗುಳ ಅಲ್ಲ, ಸರಕಿನ ಹೆಸರು ಅಷ್ಟೇ.

ನಮ್ಮ ಚಳ್ಳಕೆರೆಯ ಕಂಬಳಿ ನೇಕಾರರಿಗೆ ಮುಂದಿನದು ಹೇಳಬೇಕಾಗಿಲ್ಲ. ಕುರಿ ಮೈಯಿಂದ ಕತ್ತರಿಸಿದ ಉಣ್ಣೆಯ ಎಳೆ ಉದ್ದ. ಚಿಂದಿಯಿಂದ ಕಿತ್ತ ಎಳೆ ತುಂಡು ತುಂಡು. ಅದರ ನೂಲಿಗೆ ಗಟ್ಟಿತನ ಕಡಿಮೆ. ನೋಡೋಕೆ ಹೊಸ ಬಟ್ಟೆ, ಬಾಳಿಕೆ ಮಾತ್ರ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, ಅಂದರೆ 1861ರ ನಂತರ, ಗುತ್ತಿಗೆದಾರರು ಇಂಥ ಬಟ್ಟೆಯಲ್ಲಿ ಸೈನಿಕರಿಗೆ ಸಮವಸ್ತ್ರ ಹೊಲಿಸಿದರು. ಅವು ಬೇಗ ಹರಿದವು. ಮೇಲೆ ಥಳಕು, ಒಳಗೆ ಹುಳುಕು ಎಂಬ ಅರ್ಥ ಅಲ್ಲಿ ಗಟ್ಟಿಯಾಯಿತು.

ಇಷ್ಟು ಗೊತ್ತಾದ ಮೇಲೆ ಎಲ್ಲಿ ಬಳಸಬೇಕು ಅಂತ ತಡಕಾಡಬೇಕಿಲ್ಲ. ಪೇಪರಿನಲ್ಲಿ ಬರುವ ‘ಕಳಪೆ ಕಾಮಗಾರಿ’ಗೆ ‘ಶಾಡಿ ವರ್ಕ್’ ಸರಿಯಾಗಿ ಕೂರುತ್ತದೆ. ಯಾರೋ ಮಾಡಿದ ಕೆಲಸ ಅದು, ಕೆಟ್ಟದಾಗಿ ಮಾಡಿದ್ದಾರೆ. ‘ಕಳಪೆ ಬಿತ್ತನೆ ಬೀಜ’ಕ್ಕೆ ಹೊಂದುವುದಿಲ್ಲ. ಅಲ್ಲಿ ‘ಪೂರ್ ಕ್ವಾಲಿಟಿ’ ಎನ್ನಬೇಕು. ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ನಮ್ಮನ್ನು ಕೇವಲವಾಗಿ ನಡೆಸಿಕೊಂಡರೆ ‘ಶಾಡಿ ಟ್ರೀಟ್‌ಮೆಂಟ್’.

ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ‘ಶ್ಯಾಬಿ’ (shabby) ಹತ್ತಿರ. ಎರಡೂ ಒಂದೇ ಅಂದುಕೊಳ್ಳುತ್ತಾರೆ. ಅಜ್ಜ ವರ್ಷಗಟ್ಟಲೆ ಹೊದ್ದು ಸವೆಸಿದ ಕಂಬಳಿ ಶ್ಯಾಬಿ. ಅದನ್ನು ನೇಯ್ದವನ ತಪ್ಪೇನೂ ಇಲ್ಲ, ಅಲ್ವಾ? ಕೊಂಡ ಮರುವಾರವೇ ಎಳೆ ಬಿಟ್ಟದ್ದು ಶಾಡಿ.

‘ಶಾಡಿಲಿ’ (shoddily), ಅಂದರೆ ‘ಕಳಪೆಯಾಗಿ’, ಎಂಬ ರೂಪವೂ ಇದೆ. ಓದುವಾಗ ಕಂಡರೆ ಗುರುತು ಸಿಕ್ಕರೆ ಸಾಕು. ಮಾತಿನಲ್ಲಿ ಸುಮ್ನೆ ತುರುಕಲು ಹೋಗಬೇಡಿ.