ಪ್ರೀಮಿಯಂ ಪೆಟ್ರೋಲಾ, ನಾರ್ಮಲ್ಲಾ? ಗ್ಯಾರೇಜಲ್ಲಿ ನಾನು ಕಂಡಿದ್ದು

ದಿನಾ ಒಬ್ಬರಾದ್ರೂ ಕೇಳೇ ಕೇಳ್ತಾರೆ, ಅಣ್ಣ ನಾರ್ಮಲ್ ಹಾಕಿಸ್ಲಾ ಇಲ್ಲಾ ಈ ಸ್ಪೀಡು, ಪವರ್, ಎಕ್ಸ್‌ಪಿ95 ಅಂತಾರಲ್ಲ ಅದು ಹಾಕಿಸ್ಲಾ ಅಂತ. ನಾನು ವಾಪಸ್ ಕೇಳೋದು ಒಂದೇ, ಗಾಡಿ ಯಾವ್ದು? ಗಾಡಿ ಯಾವ್ದು ಅಂತ ಗೊತ್ತಿಲ್ದೆ ಇದಕ್ಕೆ ಉತ್ತರನೇ ಇಲ್ಲ. ಹಾಸನದಲ್ಲಿ ನಂದೊಂದು ಗ್ಯಾರೇಜ್ ಇದೆ, ಟೂ ವೀಲರ್ ಜಾಸ್ತಿ, ಆಗಾಗ ಕಾರೂ ಬರ್ತವೆ, ಎಂಜಿನ್ ಬಿಚ್ಚಿದಾಗ ಒಳಗೆ ಏನಾಗಿದೆ ಅಂತ ಕಣ್ಣಾರೆ ನೋಡೋ ಕೆಲಸ ಆದ್ರಿಂದ ಜಾಹೀರಾತಿಗಿಂತ ಸ್ವಲ್ಪ ಜಾಸ್ತಿ ಗೊತ್ತು ಅಂದ್ಕೊಂಡಿದೀನಿ.

ಮೊದ್ಲು ನಾರ್ಮಲ್ಲಿಗೆ 91, ಪ್ರೀಮಿಯಂಗೆ 95 ಅಂತಾರಲ್ಲ, ಆ ನಂಬರ್ ವಿಷ್ಯ. ಬಹಳ ಜನ ಅದು ಪೆಟ್ರೋಲಿನ ಶಕ್ತಿ ಅಂದ್ಕೊಂಡವ್ರೆ, ನಂಬರ್ ಜಾಸ್ತಿ ಇದ್ರೆ ಗಾಡಿ ಜಾಸ್ತಿ ಓಡತ್ತೆ ಅಂತ. ಹಂಗಲ್ಲ. ಪಿಸ್ಟನ್ ಮೇಲೆ ಬಂದು ಪೆಟ್ರೋಲು ಗಾಳಿ ಎರಡನ್ನೂ ಅದುಮುತ್ತಲ್ಲ, ಆಗ ಪ್ಲಗ್ಗಿನ ಬೆಂಕಿ ಬಂದು ಮುಟ್ಟೋ ತನಕ ತಾನಾಗೇ ಹತ್ಕೊಳ್ದೆ ಎಷ್ಟು ತಡ್ಕೊಳತ್ತೆ ಅನ್ನೋದೇ ಆಕ್ಟೇನ್. ತಡ್ಕೊಳ್ದೆ ಮೂಲೇಲಿ ಎಲ್ಲೋ ಹತ್ಕೊಂಡ್ರೆ ಅದೇ ನಾಕಿಂಗ್, ಲೋಡ್ ಬಿದ್ದಾಗ ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡ್ಸಿದ ಹಾಗೆ ಸದ್ದು ಬರತ್ತೆ. ನಿಮ್ಮ ಗಾಡೀಲಿ ಆ ಸದ್ದೇ ಇಲ್ಲ ಅಂದ್ಮೇಲೆ ಇನ್ನೂ ಜಾಸ್ತಿ ಆಕ್ಟೇನ್ ಹಾಕಿ ಏನು ಪ್ರಯೋಜನ ಹೇಳಿ. ರಾಯಲ್ ಎನ್‌ಫೀಲ್ಡಿನ ಹಳೇ ಕ್ಲಾಸಿಕ್ 350 ಯುಸಿಇ ಎಂಜಿನ್ನಿನ ಕಂಪ್ರೆಷನ್, ಅಂದ್ರೆ ಎಷ್ಟು ಪಟ್ಟು ಅದುಮತ್ತೆ ಅನ್ನೋ ಲೆಕ್ಕ, 8.5, ಈಗಿನ ಜೆ ಎಂಜಿನ್ನಿಂದು 9.5, ಇವಕ್ಕೆಲ್ಲ 91 ಆರಾಮಾಗಿ ಸಾಕು. ಡ್ಯೂಕ್ 390 ಥರದ ಬೈಕಲ್ಲಿ ಇದು 12ರ ಮೇಲೆ ಇರತ್ತೆ, ಟರ್ಬೋ ಕಾರುಗಳು ಗಾಳೀನೇ ಒತ್ತಿ ತುಂಬ್ತವೆ, ಜಾಸ್ತಿ ಆಕ್ಟೇನಿನ ಮಾತು ಬರೋದು ಅಲ್ಲಿ.

ಅದನ್ನ ನೋಡೋಕೆ ನಮಗೆ ಒಳ್ಳೆ ಜಾಗನೂ ಇದೆ, ಶಿರಾಡಿ ಘಾಟ್. ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಹೊಸದ್ರಲ್ಲಿ, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲು ಇನ್ನೂ ಬಂದಿರ್ಲಿಲ್ಲ, ನಮ್ಮ ಖಾಯಂ ಗಿರಾಕಿಯೊಬ್ರು ಟರ್ಬೋ ಪೆಟ್ರೋಲ್ ಕಾರು ತಗೊಂಡಿದ್ರು, ಮಂಗಳೂರಿಗೆ ಓಡಾಟ ಜಾಸ್ತಿ ಅವ್ರಿಗೆ. ಒಂದ್ಸಲ ಟ್ಯಾಂಕ್ ಪೂರ್ತಿ ನಾರ್ಮಲ್, ಇನ್ನೊಂದ್ಸಲ ಪೂರ್ತಿ 95 ಹಾಕ್ಸಿ, ಅಷ್ಟೇ ಜನ ಕೂತ್ಕೊಂಡು, ಎಸಿ ಹಾಕ್ಕೊಂಡು, ಗುಂಡ್ಯದಿಂದ ಮಾರನಹಳ್ಳಿ ಕಡೆ ಹತ್ತೋದು, ಪಕ್ಕದ ಸೀಟಲ್ಲಿ ನಾನು. ನಾರ್ಮಲ್ಲಲ್ಲಿ ಸದ್ದೇನೂ ಬರ್ಲಿಲ್ಲ, ಯಾಕಂದ್ರೆ ಈಗಿನ ಕಾರಲ್ಲಿ ನಾಕ್ ಸೆನ್ಸರ್ ಇರತ್ತೆ, ಕಟಕಟ ನಮ್ಮ ಕಿವಿಗೆ ಬೀಳೋ ಮುಂಚೆನೇ ಎಂಜಿನ್ನಿನ ಕಂಪ್ಯೂಟರ್, ಅಂದ್ರೆ ಇಸಿಎಂ, ಪ್ಲಗ್ ಬೆಂಕಿ ಹೊಡೆಯೋ ಟೈಮಿಂಗ್ ಹಿಂದಕ್ಕೆ ತಳ್ಳಿಬಿಡತ್ತೆ. ಆದ್ರೆ ಟೈಮಿಂಗ್ ಹಿಂದಕ್ಕೆ ಹೋದ್ರೆ ಪಿಕಪ್ಪೂ ಹೋಗತ್ತೆ, ಲಾರಿ ಓವರ್‌ಟೇಕ್ ಮಾಡೋಕೆ ಗೇರ್ ಇಳಿಸ್ಲೇಬೇಕಾಗ್ತಿತ್ತು. 95 ಹಾಕಿದ್ದಾಗ ಅದೇ ತಿರುವಲ್ಲಿ ಮೂರನೇ ಗೇರಲ್ಲೇ ಎಳೀತು. ಸ್ಕ್ಯಾನರ್ ಹಾಕ್ಕೊಂಡೇ ಹೋಗಿದ್ವಿ, ಇಗ್ನಿಷನ್ ಟೈಮಿಂಗ್ ಸ್ಕ್ರೀನ್ ಮೇಲೇ ಕಾಣ್ತಿತ್ತು, ಹಂಗಾಗಿ ಬರೀ ಮನಸ್ಸಿನ ಭ್ರಮೆ ಅಲ್ಲ.

ಈಗ ಆ ಕಥೆ ಸ್ವಲ್ಪ ಬದಲಾಗಿದೆ. ಇ20 ಬಂತು. ಎಥನಾಲ್‌ನ ಆಕ್ಟೇನ್ 108ರ ಹತ್ತಿರ, ಅದನ್ನ 20 ಪರ್ಸೆಂಟ್ ಬೆರೆಸಿದ್ಮೇಲೆ ನಾರ್ಮಲ್ ಪೆಟ್ರೋಲೇ ಮೇಲಕ್ಕೆ ಬಂದಿದೆ. ಪೆಟ್ರೋಲಿಯಂ ಮಂತ್ರಾಲಯ 2025ರ ಆಗಸ್ಟಲ್ಲಿ ಕೊಟ್ಟ ವಿವರಣೇಲಿ ಇದನ್ನೇ ಹೇಳ್ತು, ಬಿಎಸ್2 ಕಾಲದಲ್ಲಿ 88 ಇದ್ದಿದ್ದು ಬಿಎಸ್6ಗೆ 91 ಆಯ್ತು, ಇ20 ಆದ್ಮೇಲೆ 95 ಆಯ್ತು ಅಂತ. ಅಲ್ಲಿಗೆ 95 ಅಂತ ಬೋರ್ಡ್ ಹಾಕ್ಕೊಂಡು ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ತಗೊಳ್ಳೋದ್ರಲ್ಲಿ ಆಕ್ಟೇನ್ ಲೆಕ್ಕ ಅರ್ಧಕ್ಕರ್ಧ ಬಿದ್ದೇ ಹೋಯ್ತು. ಅದೇ ಗಿರಾಕಿ ಕಾರಲ್ಲಿ ಈಗ ಘಾಟ್ ಹತ್ತಿದ್ರೆ ಎರಡಕ್ಕೂ ವ್ಯತ್ಯಾಸ ಹುಡುಕ್ಬೇಕು.

ಇನ್ನೊಂದು ತಪ್ಪು ತಿಳುವಳಿಕೆ ಇದೆ, ಪ್ರೀಮಿಯಂ ಹಾಕಿಸಿದ್ರೆ ಎಥನಾಲ್ ಇರಲ್ಲ ಅಂತ. 95ರ ಪ್ರೀಮಿಯಂನಲ್ಲೂ ಎಥನಾಲ್ ಇರತ್ತೆ ಸ್ವಾಮಿ. ಆರ್‌ಎಕ್ಸ್ 100 ಥರ ಹಳೇ ಬೈಕ್ ಇಟ್ಕೊಂಡಿರೋ ಹುಡುಗರು ಪೆಟ್ರೋಲ್ ಪೈಪ್ ಉಬ್ಬಿದೆ, ಕಾರ್ಬೊರೇಟರ್ ಓವರ್‌ಫ್ಲೋ ಆಗ್ತಿದೆ ಅಂತ ಬರ್ತಾರೆ, ಅದಕ್ಕೆ ಪ್ರೀಮಿಯಂ ಹಾಕಿಸ್ತಾರೆ, ಏನೂ ಪ್ರಯೋಜನ ಆಗಲ್ಲ. ಅದಕ್ಕೆ ಮದ್ದು ಎಥನಾಲ್ ತಡ್ಕೊಳ್ಳೋ ಪೈಪು, ಹೊಸ ಫ್ಲೋಟ್ ಪಿನ್ನು, ಅಷ್ಟೇ.

ಮೈಲೇಜ್ ಕಮ್ಮಿ ಆಯ್ತು ಅಂತ ಜನ ಬೈಯೋದ್ರಲ್ಲಿ ನಿಜ ಇದೆ. ಎಥನಾಲಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ನೀತಿ ಆಯೋಗದ 2021ರ ವರದೀಲೇ ಬರ್ದಿದಾರೆ, ಹಳೇ ಟ್ಯೂನಿಂಗಿನ ಟೂ ವೀಲರಿಗೆ 3-4 ಪರ್ಸೆಂಟ್, ಕಾರಿಗೆ 6-7 ಪರ್ಸೆಂಟ್ ಬೀಳಬಹುದು ಅಂತ. ಆದ್ರೆ ಅದನ್ನ ಪ್ರೀಮಿಯಂ ವಾಪಸ್ ತಂದುಕೊಡಲ್ಲ. ನಾನು ನನ್ನ ಸ್ಪ್ಲೆಂಡರಲ್ಲಿ ನೋಡಿದೀನಿ. ಹೆಂಗೆ ಅಂದ್ರೆ, ಡಬಲ್ ಸ್ಟ್ಯಾಂಡ್ ಹಾಕಿ, ಅದೇ ಬಂಕು, ಅದೇ ನಾಜಲ್, ಆಟೋ ಕಟ್ ಆಗೋ ತನಕ ಮಾತ್ರ, ಮೇಲೆ ಒಂದು ಹನಿನೂ ತುಂಬಿಸ್ಬಾರ್ದು, ಕಿಲೋಮೀಟರ್ ಬರ್ಕೊಂಡು ಟ್ಯಾಂಕ್ ಮುಕ್ಕಾಲು ಖಾಲಿ ಮಾಡಿ ಮತ್ತೆ ಅದೇ ರೀತಿ ತುಂಬ್ಸೋದು, ಓಡಿದ ಕಿಲೋಮೀಟರನ್ನ ತುಂಬಿದ ಲೀಟರಿಂದ ಭಾಗಿಸೋದು. ಟೈರಲ್ಲಿ ಗಾಳಿ ಒಂದೇ ಥರ ಇರ್ಬೇಕು, ಅದು ಮರ್ತು ಪೆಟ್ರೋಲ್ ಅಳೆಯೋರೇ ಜಾಸ್ತಿ. ಒಂದು ಟ್ಯಾಂಕಲ್ಲಿ ಏನೂ ಗೊತ್ತಾಗಲ್ಲ, ಮೂರ್ನಾಲ್ಕು ಟ್ಯಾಂಕಿನ ಸರಾಸರಿ ನೋಡ್ಬೇಕು. ನನ್ನ ಗಾಡೀಲಿ ಪಾಯಿಂಟ್ ಆಚೆ ಈಚೆ, ಅದೂ ಒಂದ್ಸಲ ಇದು ಜಾಸ್ತಿ ಒಂದ್ಸಲ ಅದು ಜಾಸ್ತಿ. ಲೀಟರಿಗೆ 103ರ ಜಾಗದಲ್ಲಿ 111 ಕೊಟ್ರೆ 45 ಕೊಡೋ ಗಾಡಿ ನಲವತ್ತೆಂಟೂವರೆ ಕೊಟ್ರೆ ಮಾತ್ರ ಅಸಲು ಹುಟ್ಟತ್ತೆ, ಅಷ್ಟೊಂದು ಏರಿದ್ದನ್ನ ನಾನಂತೂ ನೋಡಿಲ್ಲ.

ಹಾಗಾದ್ರೆ ಆ ಏಳೆಂಟು ರೂಪಾಯಿಗೆ ಸಿಗೋದೇನು? ಎಂಜಿನ್ ಒಳಗೆ ಕ್ಲೀನ್ ಮಾಡೋ ಅಡಿಟಿವ್, ಅಂದ್ರೆ ಪೆಟ್ರೋಲಿಗೆ ಬೆರೆಸೋ ಕೆಮಿಕಲ್. ಇದು ಸುಳ್ಳಲ್ಲ. ನಮ್ಮ ಕಡೆ ಪೆಟ್ರೋಲು ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಹಾಸನ ದಾಟಿ ಬೆಂಗಳೂರಿನ ದೇವನಗೊಂದಿ ತನಕ ಸುಮಾರು 360 ಕಿಲೋಮೀಟರ್ ಪೈಪ್‌ಲೈನಲ್ಲಿ ಹೋಗತ್ತೆ, ಬೇರೆ ಬೇರೆ ಬಣ್ಣದ ಬಂಕುಗಳಿಗೆ ಹೋಗೋ ನಾರ್ಮಲ್ ಪೆಟ್ರೋಲು ಎಷ್ಟೋ ಸಲ ಒಂದೇ ರಿಫೈನರಿದು, ಕಂಪನಿಗೆ ಕಂಪನಿಗೆ ಇರೋ ವ್ಯತ್ಯಾಸ ಜನ ಅಂದ್ಕೊಂಡಷ್ಟಿಲ್ಲ. ನನ್ನ ಭಾವಮೈದ ಇಂಗ್ಲೆಂಡಲ್ಲಿದಾನೆ, ಅಲ್ಲಿ ಟೆಸ್ಕೋ, ಆಸ್ಡಾ ಥರ ಸೂಪರ್‌ಮಾರ್ಕೆಟ್‌ಗಳೇ ಅಗ್ಗದ ಪೆಟ್ರೋಲ್ ಮಾರ್ತವೆ, ಅಲ್ಲೂ ಜನ ಇದನ್ನೇ ಕಿತ್ತಾಡ್ತಾರಂತೆ, ಅಗ್ಗದ್ದು ಹಾಕಿದ್ರೆ ಎಂಜಿನ್ ಹಾಳಾಗತ್ತಾ ಅಂತ. ಅಲ್ಲಿ ಇಎನ್ 228 ಅನ್ನೋ ಸ್ಟ್ಯಾಂಡರ್ಡನ್ನ ಎಲ್ಲರೂ ಪಾಲಿಸ್ಲೇಬೇಕು, ಇಲ್ಲಿ ನಮ್ಮ ಐಎಸ್ ಸ್ಟ್ಯಾಂಡರ್ಡ್ ಇದ್ದಂಗೆ. ವ್ಯತ್ಯಾಸ ಬರೋದು ಮೇಲೆ ಬೆರೆಸೋ ಅಡಿಟಿವಲ್ಲಿ.

ಆ ಅಡಿಟಿವ್ ಕೆಲಸ ಮಾಡೋದು ಎಲ್ಲಿ ಅನ್ನೋದು ಮುಖ್ಯ. ಹೆಡ್ ಬಿಚ್ಚಿದಾಗ ಇನ್‌ಟೇಕ್ ವಾಲ್ವಿನ ಹಿಂಭಾಗ ನೋಡ್ಬೇಕು, ಕಾಂಡ ಅಗಲ ಆಗ್ತಾ ತಟ್ಟೆ ಆಗೋ ಜಾಗದಲ್ಲಿ ಕಪ್ಪಗೆ ಅಂಟಂಟಾಗಿ ಕೂತಿರತ್ತೆ, ಸ್ಕ್ರೂಡ್ರೈವರಲ್ಲಿ ಕೆರೆದ್ರೆ ಚಕ್ಕೆ ಚಕ್ಕೆ ಬರತ್ತೆ. ಕಾರ್ಬೊರೇಟರ್ ಗಾಡಿ, ಮಾಮೂಲಿ ಎಫ್ಐ, ಅಂದ್ರೆ ಫ್ಯುಯೆಲ್ ಇಂಜೆಕ್ಷನ್ ಗಾಡೀಲಿ ಪೆಟ್ರೋಲು ಆ ವಾಲ್ವ್ ಮೇಲೆ ಬಿದ್ದೇ ಒಳಗೆ ಹೋಗೋದು, ಹಂಗಾಗಿ ಅಡಿಟಿವ್ ಇರೋದನ್ನ ಖಾಯಂ ಹಾಕಿಸೋರ ವಾಲ್ವ್ ಸ್ವಲ್ಪ ಚೆನ್ನಾಗೇ ಇರತ್ತೆ, ಅದನ್ನ ಒಪ್ತೀನಿ. ಆದ್ರೆ ಡೈರೆಕ್ಟ್ ಇಂಜೆಕ್ಷನ್ ಕಾರಲ್ಲಿ ಪೆಟ್ರೋಲು ಸೀದಾ ಸಿಲಿಂಡರ್ ಒಳಗೆ ಹೋಗತ್ತೆ, ವಾಲ್ವಿಗೆ ತಾಕೋದೇ ಇಲ್ಲ. ಅಲ್ಲಿ ಇಂಜೆಕ್ಟರ್ ಮೂತಿ ಕ್ಲೀನ್ ಆಗಬಹುದು, ವಾಲ್ವ್ ಮೇಲಿನ ಮಸಿ ಹಂಗೇ ಇರತ್ತೆ. ಇನ್ನು ವಾಲ್ವ್ ಸೀಲ್ ಹೋಗಿ ಆಯಿಲ್ ಇಳೀತಿರೋ ಗಾಡಿಗೆ ಯಾವ ಪೆಟ್ರೋಲ್ ಹಾಕಿದ್ರೂ ಕಾರ್ಬನ್ ಕಟ್ಟೇ ಕಟ್ಟತ್ತೆ, ಅದಕ್ಕೆ ರಿಪೇರಿನೇ ಗತಿ.

ಈಗ ಬಂಕಿನ ವಿಷ್ಯ, ಇದನ್ನ ಯಾರೂ ಯೋಚ್ನೆ ಮಾಡಲ್ಲ. ಸಣ್ಣ ಊರಿನ ಬಂಕಲ್ಲಿ ನಾರ್ಮಲ್ ದಿನಾ ಖಾಲಿ ಆಗತ್ತೆ, ಹೊಸ ಲೋಡ್ ಬರ್ತಾನೇ ಇರತ್ತೆ. ಪ್ರೀಮಿಯಂ ಯಾರು ಹಾಕಿಸ್ತಾರೆ? ನೆಲದಡಿಯ ಟ್ಯಾಂಕಲ್ಲಿ ವಾರಗಟ್ಲೆ ಕೂತಿರತ್ತೆ. ಎಥನಾಲ್ ನೀರನ್ನ ಎಳ್ಕೊಳತ್ತೆ, ಮಲೆನಾಡಿನ ಮಳೇಲಿ ಟ್ಯಾಂಕಿಗೆ ನೀರು ಇಳಿದ್ರೆ ಎಥನಾಲೂ ನೀರೂ ಸೇರಿ ತಳ ಹಿಡೀತವೆ. ಸಕಲೇಶಪುರದ ಕಡೆಯಿಂದ ಒಂದು ಸ್ಕೂಟರ್ ತಳ್ಕೊಂಡು ತಂದಿದ್ರು, ಟ್ಯಾಂಕಿಂದ ಬಾಟಲಿಗೆ ಬಸಿದು ಇಟ್ರೆ ಐದೇ ನಿಮಿಷಕ್ಕೆ ಕೆಳಗೊಂದು ಪದರ ಬೇರೆ ಆಯ್ತು, ಅದು ಜಾಸ್ತಿ ದುಡ್ಡು ಕೊಟ್ಟು ಹಾಕ್ಸಿದ ಪ್ರೀಮಿಯಂ. ಅದಕ್ಕೇ ನಾನು ಹೇಳೋದು, ಬ್ರ್ಯಾಂಡಿಗಿಂತ ವ್ಯಾಪಾರ ಜೋರಿರೋ ಬಂಕ್ ನೋಡಿ, ಟ್ಯಾಂಕರ್ ಲೋಡ್ ಇಳಿಸ್ತಿದ್ರೆ ಆಗ ಹಾಕಿಸ್ಬೇಡಿ, ಅನುಮಾನ ಬಂದ್ರೆ ಫಿಲ್ಟರ್ ಪೇಪರ್ ಕೇಳಿ, ಕೊಡ್ಲೇಬೇಕು. ನಾಜಲ್ ತುದಿ ಒರೆಸಿ ಒಂದು ಹನಿ ಬಿಟ್ರೆ ಕಲೆ ಇಲ್ದೆ ಆರ್ಬೇಕು. ಅಳತೆ ಅನುಮಾನ ಇದ್ರೆ ಐದು ಲೀಟರ್ ಮೆಷರ್ ಕೇಳಿ, 25 ಎಂಎಲ್ ಹೆಚ್ಚು ಕಮ್ಮಿ ತನಕ ಸರಿ, ಅದಕ್ಕಿಂತ ಕಮ್ಮಿ ಬಂದ್ರೆ ಜಗಳ ಆಡಿ.

ನನ್ನ ಗಿರಾಕಿಗಳಿಗೆ ಈಗ ಹಿಂಗೆ ಹೇಳ್ತೀನಿ. ಡ್ಯೂಕು, ಟರ್ಬೋ ಇದ್ದು ಮ್ಯಾನ್ಯುಯಲ್ಲಲ್ಲಿ 95 ಅಂತ ಬರ್ದಿದ್ರೆ, ಇಲ್ಲಾ ನಾಕಿಂಗ್ ಸದ್ದು ಕೇಳ್ತಿದ್ರೆ, ವ್ಯಾಪಾರ ಇರೋ ಬಂಕಲ್ಲಿ ಪ್ರೀಮಿಯಂ ಹಾಕಿಸ್ಕೊಳ್ಳಿ. ಬುಲೆಟ್ಟಿನವ್ರಿಗೆ ನಾರ್ಮಲ್ಲೇ ಸಾಕು ಅಂತ ಹೇಳಿ ಹೇಳಿ ಸಾಕಾಗಿದೆ, ಪ್ರೀಮಿಯಂ ಹಾಕಿದ್ರೆ ಡುಗುಡುಗು ಸದ್ದು ಚೇಂಜ್ ಆಗತ್ತೆ ಅಂತಾರೆ, ಆಗ್ಲಿ ಬಿಡಿ. ಸ್ಪ್ಲೆಂಡರ್, ಆಕ್ಟಿವಾದವ್ರು ತಿಂಗಳಿಗೆ ಹದಿನೈದು ಲೀಟರ್ ಹಾಕಿಸ್ತೀರ ಅಂದ್ಕೊಳ್ಳಿ, ಲೀಟರಿಗೆ 8 ರೂಪಾಯಿ ಅಂದ್ರೆ ವರ್ಷಕ್ಕೆ 1,440 ಆಯ್ತು. ಅಷ್ಟರಲ್ಲಿ ಎರಡು ಸಲ ಆಯಿಲ್ ಚೇಂಜ್, ಒಂದು ಏರ್ ಫಿಲ್ಟರ್, ಒಂದು ಪ್ಲಗ್ ನಾನೇ ಹಾಕ್ಕೊಡ್ತೀನಿ, ಚಿಲ್ಲರೆ ಉಳಿದ್ರೆ ಟೀ ಕುಡಿಯೋಣ.