ಮಳೆ ಅಳೆಸಿ ಕ್ಷೇತ್ರಗಣಿತ ಮುಗಿಸಿದೆ

ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಚಾರ್ಟ್, ಥರ್ಮಾಕೋಲ್, ಸೈಬರ್ ಸೆಂಟರ್‌ನ ಪ್ರಿಂಟ್. ಮಾಡುವವರು ಅಪ್ಪ ಅಮ್ಮ, ಎಫ್‌ಎ (ವರ್ಷದ ನಡುವಿನ ಮೌಲ್ಯಮಾಪನ) ಅಂಕ ಮಕ್ಕಳಿಗೆ. ಅದನ್ನು ಬಿಟ್ಟು ಎಂಟನೇ ತರಗತಿಗೆ ಒಂದೇ ಪ್ರಶ್ನೆ ಕೊಟ್ಟೆ: ಶಾಲೆಯ ತಾರಸಿಗೆ ಬೀಳುವ ಮಳೆನೀರು ಬಿಸಿಯೂಟದ ತಟ್ಟೆ ತೊಳೆಯಲು ಸಾಕಾಗುತ್ತದೆಯೇ? ಉತ್ತರ ಯಾವ ಗೈಡಿನಲ್ಲೂ ಇರಲಿಲ್ಲ. "ಪೋರ್ಷನ್ ಯಾವಾಗ ಮುಗಿಸ್ತೀರಾ ಮೇಷ್ಟ್ರೇ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದ್ದೇ ಕೇಳಿದ್ದು.

ನಮ್ಮದು ಹಿರಿಯೂರು ಕಡೆ, ಮಳೆ ಕಡಿಮೆ. ಅದಕ್ಕೇ ಸ್ವಲ್ಪ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್‌ಗೆ ಇಟ್ಟುಕೊಂಡೆ. ಆದರೂ ಮೊದಲ ಸುತ್ತು ಪೂರ್ತಿ ಹಾಳಾಯಿತು. ಮಳೆ ಅಳೆಯಲು ತಲೆ ಕತ್ತರಿಸಿ ಇಟ್ಟ ಕೂಲ್‌ಡ್ರಿಂಕ್ಸ್ ಬಾಟಲಿಯ ತಳ ಉಬ್ಬುತಗ್ಗು. ಸ್ಕೇಲ್ ಹಿಡಿದರೆ ಗುಂಪಿಗೊಂದು ಅಳತೆ. ಒಂದು ಬಾಟಲಿ ಬೇವಿನ ಮರದ ಕೆಳಗಿತ್ತು, ಇನ್ನೊಂದನ್ನು ನಾಯಿ ಉರುಳಿಸಿತ್ತು. ಕೊನೆಗೆ ತಳದ ಉಬ್ಬು ಮುಳುಗುವಷ್ಟು ನೀರು ತುಂಬಿ, ಅಲ್ಲೇ ಸೊನ್ನೆ ಗೆರೆ ಎಳೆದೆವು. ದಿನಾ ಬೆಳಿಗ್ಗೆ ಅಷ್ಟಕ್ಕೇ ತಂದು ನಿಲ್ಲಿಸುವುದು. ಇಟ್ಟಿಗೆ ನಡುವೆ ಬಾಟಲಿ ಸಿಕ್ಕಿಸುವ ಉಪಾಯ ಹುಡುಗಿಯರದು. ಆಮೇಲೆ ಗುಂಪುಗಳ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ.

ಖರ್ಚು 400 ರೂಪಾಯಿ ಇರಬಹುದು. ಅಳತೆ ಟೇಪಿಗೇ ಜಾಸ್ತಿ ಹೋಯಿತು. ಚಾರ್ಟ್ ಕಾಲದಲ್ಲಿ ಒಂದೊಂದು ಮನೆಗೂ 100 ರೂಪಾಯಿ ಬೀಳುತ್ತಿತ್ತು.

ನಡುವೆ ಮಕ್ಕಳು ಇನ್ನೊಂದಕ್ಕೆ ಹೊರಳಿದರು. ಅಗಲ ಪಾತ್ರೆ ಇಟ್ಟರೆ ಮಳೆ ಜಾಸ್ತಿ ತೋರಿಸಬೇಕು ಅಲ್ವಾ ಸರ್? ಅಡುಗೆ ಮನೆಯ ನೇರ ಅಂಚಿನ ಪಾತ್ರೆಯನ್ನು ಬಾಟಲಿ ಪಕ್ಕ ಇಟ್ಟರು. ಎರಡರಲ್ಲೂ ಹೆಚ್ಚೂಕಡಿಮೆ ಒಂದೇ ಎತ್ತರ. ಅರ್ಧ ಪೀರಿಯಡ್ ಜಗಳವಾಯಿತು. ನಾನು ಬಾಯಿ ಬಿಡಲಿಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ಎಂದು ಅವರೇ ಲೆಕ್ಕ ಹಾಕಿ ಹೇಳಿದರು.

ತಾರಸಿ ಸುಮಾರು 140 ಚದರ ಮೀಟರ್. ಒಂದು ರಾತ್ರಿ 22 ಮಿಲಿಮೀಟರ್ ಸುರಿಯಿತು. ಗುಣಿಸಿದರೆ 3,000 ಲೀಟರ್ ಚಿಲ್ಲರೆ. "ಮೂರು ಸಿಂಟೆಕ್ಸ್ ಸರ್!" ಸೋರಿಕೆ ಕಳೆದರೂ ತಟ್ಟೆ ತೊಳೆಯಲು ವಾರ ಬರುತ್ತದೆ ಎಂದು ಬರೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಕೊಟ್ಟರು.

ಘನಫಲದ ಲೆಕ್ಕವನ್ನು ಹಿಂದೆ ಅರ್ಧ ತರಗತಿ ಬಿಟ್ಟು ಬರುತ್ತಿತ್ತು. ಈ ಸಲ ಬಿಟ್ಟವರು ಇಬ್ಬರೋ ಮೂವರೋ. ಪೋರ್ಷನ್ ಕೇಳಿದ ಮೇಡಂ ಈಗ ಏಳನೇ ತರಗತಿಗೂ ಇದನ್ನೇ ಹಾಕಿಕೊಂಡಿದ್ದಾರೆ. ಮಾಡುವವರು ಶಾಲೆ ಪಕ್ಕದ ಮನೆಯ ಮಗುವನ್ನು ರಜೆ ದಿನದ ಅಳತೆಗೆ ಮೊದಲೇ ಒಪ್ಪಿಸಿಕೊಳ್ಳಿ. ದಸರಾ ರಜೆಯ ಮಳೆ ನಮಗೆ ಸಿಗಲೇ ಇಲ್ಲ.