ಟಿಕೆಟಿಗೂ ಮೊದಲು ಗುರುತಿನ ಚೀಟಿ: ದೇಶದೊಳಗಿನ ವಿಮಾನ ಪ್ರಯಾಣದಲ್ಲಿ ನಾನು ಕಂಡುಕೊಂಡ ಕ್ರಮ

ಕೆಲವು ವರ್ಷಗಳ ಹಿಂದೆ ತಾಯಿಯವರನ್ನು ಕರೆದುಕೊಂಡು ದೆಹಲಿಗೆ ಹೊರಟಿದ್ದೆ. ನಿಲ್ದಾಣದ ಪ್ರವೇಶದ್ವಾರದಲ್ಲಿದ್ದ ಭದ್ರತಾ ಸಿಬ್ಬಂದಿ ಒಂದು ಕೈಯಲ್ಲಿ ತಾಯಿಯವರ ಮತದಾರರ ಗುರುತಿನ ಚೀಟಿಯನ್ನೂ ಇನ್ನೊಂದು ಕೈಯಲ್ಲಿ ಟಿಕೆಟಿನ ಪ್ರತಿಯನ್ನೂ ಹಿಡಿದು, ಹೆಸರಿನ ಇಂಗ್ಲಿಷ್ ಅಕ್ಷರಗಳ ಕೆಳಗೆ ಹೆಬ್ಬೆರಳನ್ನು ಮೆಲ್ಲಗೆ ಸರಿಸುತ್ತ ಎರಡು ಸಲ ಓದಿದರು. ಚೀಟಿಯಲ್ಲಿ ‘ಲಕ್ಷ್ಮಿ’ ಎಂಬುದಕ್ಕೆ ಕೆ, ಎಸ್, ಎಚ್ ಅಕ್ಷರಗಳಿದ್ದವು. ಟಿಕೆಟಿನಲ್ಲಿ ಎಕ್ಸ್ ಇತ್ತು. ಚೀಟಿಯಲ್ಲಿ ಹೆಸರಿನ ತುದಿಗೆ ‘ಅಮ್ಮ’ ಸೇರಿತ್ತು. ಟಿಕೆಟಿನಲ್ಲಿ ಅದರ ಬದಲು ನನ್ನ ತಂದೆಯವರ ಹೆಸರಿತ್ತು. ಚೀಟಿಯ ಫೋಟೋ ಬಹಳ ಹಳೆಯದು, ಮುಖವೂ ಮಸುಕಾಗಿತ್ತು. “ಮಾತಾಜಿ, ಬೇರೆ ಐಡಿ ಇದೆಯೇ?” ಎಂದು ಅವರು ವಿನಯದಿಂದಲೇ ಕೇಳಿದರು. ಆಧಾರ್ ಕಾರ್ಡು ಮನೆಯ ಬೀರುವಿನಲ್ಲಿತ್ತು. ಮೊಬೈಲಿನಲ್ಲಿ ಇಳಿಸಿಕೊಳ್ಳೋಣವೆಂದರೆ ಅದಕ್ಕೆ ಜೋಡಿಸಿದ್ದು ತಂದೆಯವರ ಹಳೆಯ ನಂಬರು. ಆ ಸಿಮ್ ಮುಚ್ಚಿಹೋಗಿತ್ತು, ಹಾಗಾಗಿ ಒಟಿಪಿ ಬರುವಂತಿರಲಿಲ್ಲ. ಕೊನೆಗೆ ಹೊರಗಿದ್ದ ಟಿಕೆಟ್ ಕೌಂಟರಿಗೆ ಹೋಗಿ ಹೆಸರನ್ನು ಚೀಟಿಯಲ್ಲಿದ್ದಂತೆ ತಿದ್ದಿಸಿಕೊಂಡು ಬಂದಾಗ ವಿಮಾನ ಹೊರಡಲು ಒಂದು ಗಂಟೆಯೂ ಉಳಿದಿರಲಿಲ್ಲ. ಆ ಹೊತ್ತಿನಲ್ಲಿ ತಾಯಿಯವರು ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು, ತಮ್ಮಿಂದಲೇ ಏನೋ ತಪ್ಪಾಗಿದೆ ಎಂಬಂತೆ ಕುಳಿತಿದ್ದುದನ್ನು ನಾನು ಮರೆತಿಲ್ಲ. ತಪ್ಪು ನನ್ನದಾಗಿತ್ತು. ಟಿಕೆಟ್ ತೆಗೆಯುವಾಗ ಯಾವ ಚೀಟಿಯನ್ನು ತೋರಿಸುತ್ತೇವೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಕೆಲಸದ ನಿಮಿತ್ತ ನಾನು ತಿಂಗಳಿಗೆ ಒಂದೆರಡು ಸಲವಾದರೂ ವಿಮಾನ ಹತ್ತುತ್ತೇನೆ. ಮನೆಯವರ, ಬಂಧುಗಳ ಟಿಕೆಟ್ ತೆಗೆಯುವ ಹೊಣೆಯೂ ನನ್ನದೇ. ಅಂದಿನ ಪ್ರಸಂಗದ ಬಳಿಕ ಈ ವಿಷಯವನ್ನು ಶ್ರದ್ಧೆಯಿಂದ ಗಮನಿಸುತ್ತ ಬಂದಿದ್ದೇನೆ.

ನಮ್ಮ ದೇಶದಲ್ಲಿ ಈ ನಿಯಮವನ್ನು ರೂಪಿಸುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ದೊಡ್ಡ ನಿಲ್ದಾಣಗಳ ಬಾಗಿಲಲ್ಲಿ ಅದನ್ನು ಜಾರಿಗೆ ತರುವವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು. 1999ರ ಡಿಸೆಂಬರಿನಲ್ಲಿ ವಿಮಾನವೊಂದನ್ನು ಕಂದಹಾರಕ್ಕೆ ಅಪಹರಿಸಿದ ಘಟನೆಯ ನಂತರ, 2000ದಿಂದ ಈ ಪಡೆ ನಿಲ್ದಾಣಗಳ ಕಾವಲನ್ನು ಒಂದೊಂದಾಗಿ ವಹಿಸಿಕೊಂಡಿತು. ಬಾಗಿಲಲ್ಲಿ ನಿಂತವರಿಗೆ ಬೇಕಿರುವುದು ಎರಡೇ ಸಂಗತಿಗಳು: ಚೀಟಿಯಲ್ಲಿರುವ ಮುಖ ಎದುರಿಗೆ ನಿಂತಿರುವವರದ್ದೇ ಎಂಬುದು, ಮತ್ತು ಚೀಟಿಯಲ್ಲಿರುವ ಹೆಸರು ಟಿಕೆಟಿನಲ್ಲಿರುವುದೇ ಎಂಬುದು. ನಮ್ಮ ವಿಳಾಸವಾಗಲಿ, ಆಧಾರ್‌ನ ಹನ್ನೆರಡು ಅಂಕಿಯ ಸಂಖ್ಯೆಯಾಗಲಿ, ತೆರಿಗೆಯ ವಿವರವಾಗಲಿ ಅಲ್ಲಿ ಯಾರಿಗೂ ಬೇಕಿಲ್ಲ. ಇದು ಮನವರಿಕೆಯಾದ ಮೇಲೆ ಚೀಟಿಯ ಆಯ್ಕೆ ನನಗೆ ಸುಲಭವಾಯಿತು.

ಬ್ಯೂರೋ 2017ರಲ್ಲಿ ಸ್ಪಷ್ಟಪಡಿಸಿದ ಪಟ್ಟಿಯಲ್ಲಿ ಹತ್ತು ಬಗೆಯ ದಾಖಲೆಗಳಿವೆ. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಅದರ ಮೊಬೈಲ್ ರೂಪವಾದ ಎಂ-ಆಧಾರ್, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಇವು ಎಲ್ಲರಿಗೂ ಗೊತ್ತಿರುವಂಥವು. ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿಯ ಗುರುತಿನ ಚೀಟಿ, ರಾಷ್ಟ್ರೀಕೃತ ಬ್ಯಾಂಕಿನ ಫೋಟೋ ಇರುವ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ಕಾರ್ಡು, ಅಂಗವಿಕಲರ ಗುರುತಿನ ಚೀಟಿ ಕೂಡ ಅದರಲ್ಲಿ ಸೇರಿವೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನನ್ನ ದೊಡ್ಡಪ್ಪನವರು ನಿವೃತ್ತ ಶಿಕ್ಷಕರು. ಅವರ ಆಧಾರ್ ಕಾರ್ಡು ಕಳೆದುಹೋಗಿದ್ದಾಗ ಪಿಂಚಣಿ ಕಾರ್ಡನ್ನು ತೋರಿಸಿಯೇ ಪ್ರಯಾಣ ಮಾಡಿದರು. ಯಾವುದನ್ನೇ ತೋರಿಸಿದರೂ ಅದು ಮೂಲ ಪ್ರತಿಯೇ ಆಗಿರಬೇಕು, ಜೆರಾಕ್ಸ್ ನಡೆಯುವುದಿಲ್ಲ.

ಇನ್ನು ಹೆಸರಿನ ಪ್ರಶ್ನೆ. ಕನ್ನಡಿಗರಾದ ನಮಗೆ ನಿಜವಾದ ತೊಡಕು ಇರುವುದು ಇಲ್ಲಿಯೇ. ನಮ್ಮಲ್ಲಿ ಬಹುಮಂದಿಗೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಒಂದು ಅಕ್ಷರ ಊರಿನದು, ಇನ್ನೊಂದು ತಂದೆಯವರದು. ಟಿಕೆಟ್ ಕಾಯ್ದಿರಿಸುವ ನಮೂನೆಯಾದರೋ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆಗಳನ್ನು ಮುಂದಿಟ್ಟು, ಎರಡನ್ನೂ ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಆಗ ಒಬ್ಬರು ಇನಿಷಿಯಲ್ಲನ್ನೇ ಕೊನೆಯ ಹೆಸರೆಂದು ತುಂಬುತ್ತಾರೆ, ಇನ್ನೊಬ್ಬರು ಊರಿನ ಹೆಸರನ್ನು ಬಿಡಿಸಿ ಬರೆಯುತ್ತಾರೆ, ಮತ್ತೊಬ್ಬರು ತಮ್ಮ ಹೆಸರನ್ನೇ ಎರಡು ಸಲ ಬರೆದುಬಿಡುತ್ತಾರೆ. ನನ್ನದೇ ದಾಖಲೆಗಳನ್ನು ಒಂದು ಭಾನುವಾರ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಲೈಸೆನ್ಸಿನಲ್ಲಿ ಮುಂದೆ. ಪ್ಯಾನ್ ಕಾರ್ಡಿನಲ್ಲಿ ಊರು ಮತ್ತು ತಂದೆಯ ಹೆಸರುಗಳು ಪೂರ್ತಿಯಾಗಿ ಬಿಡಿಸಿಕೊಂಡಿದ್ದವು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಉಪನಾಮದ ಜಾಗದಲ್ಲಿ ಕುಳಿತಿತ್ತು. ಒಬ್ಬನೇ ಮನುಷ್ಯನಿಗೆ ನಾಲ್ಕು ಹೆಸರುಗಳು. ಇನಿಷಿಯಲ್ ಹಿಂದೆಮುಂದೆ ಆದ ಮಾತ್ರಕ್ಕೆ ನನ್ನನ್ನು ಯಾರೂ ತಡೆದಿಲ್ಲವೆಂಬುದು ನಿಜ. ನಮ್ಮ ಕಡೆಯ ನಿಲ್ದಾಣಗಳಲ್ಲಿ ಇಂಥ ಹೆಸರುಗಳು ದಿನವೂ ಬರುತ್ತವೆ. ಆದರೆ ಉತ್ತರದ ನಿಲ್ದಾಣಗಳಿಂದ ಹಿಂತಿರುಗುವಾಗ ಅದೇ ಹೆಸರಿಗೆ ವಿವರಣೆ ಕೊಡಬೇಕಾಗಿ ಬಂದದ್ದುಂಟು.

ಆದ್ದರಿಂದ ಈಗ ಟಿಕೆಟ್ ತೆಗೆಯಲು ಕೂರುವಾಗಲೇ, ಯಾರು ಯಾವ ಚೀಟಿಯನ್ನು ತೋರಿಸುತ್ತಾರೋ ಆ ಚೀಟಿಯನ್ನು ಕಣ್ಣೆದುರು ಇಟ್ಟುಕೊಂಡು, ಅದರಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಒಂದೂ ಬಿಡದೆ ಹಾಗೆಯೇ ತುಂಬುತ್ತೇನೆ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷಿನಲ್ಲಿ ಹಲವು ರೂಪ ತಾಳುವುದರಿಂದ, ಬಾಯಲ್ಲಿ ಹೇಳಿಸಿಕೊಂಡು ಬರೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಬಂಧುಗಳು ಫೋನಿನಲ್ಲಿ “ನಿನಗೆ ಗೊತ್ತಲ್ಲಪ್ಪ, ನನ್ನ ಹೆಸರು ಹಾಕಿಬಿಡು” ಎಂದರೂ ಚೀಟಿಯ ಫೋಟೋ ಬರುವವರೆಗೆ ಕಾಯುತ್ತೇನೆ. ಹೋಗುವ ಟಿಕೆಟಿಗೂ ಬರುವ ಟಿಕೆಟಿಗೂ ಅದೇ ಚೀಟಿ, ಅದೇ ಅಕ್ಷರ.

ಹಾಗಾದರೆ ಯಾವ ಚೀಟಿ? ನನ್ನ ಮಟ್ಟಿಗೆ ಮೊದಲ ಆಯ್ಕೆ ಡ್ರೈವಿಂಗ್ ಲೈಸೆನ್ಸ್. ಅದು ಹೇಗೂ ಪರ್ಸಿನಲ್ಲಿ ಇರುತ್ತದೆ, ಗಟ್ಟಿಯಾಗಿದೆ, ಫೋಟೋ ಇತ್ತೀಚಿನದು. ಅದಕ್ಕಿಂತ ಮುಖ್ಯವಾಗಿ, ಅದು ಎಲ್ಲಿಯಾದರೂ ಬಿದ್ದುಹೋದರೆ ನನ್ನ ಬ್ಯಾಂಕು, ತೆರಿಗೆ, ವಿದೇಶ ಪ್ರಯಾಣ ಯಾವುದಕ್ಕೂ ನೇರ ಪೆಟ್ಟು ಬೀಳುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಲೈಸೆನ್ಸಿಗೆ ಅವಧಿಯಿದೆ. 55 ವರ್ಷ ದಾಟಿದವರಿಗೆ ಅದು ಒಮ್ಮೆಗೆ 5 ವರ್ಷಕ್ಕಷ್ಟೇ ನವೀಕರಣವಾಗುತ್ತದೆ. ಗಾಡಿ ಓಡಿಸುವುದನ್ನು ಬಿಟ್ಟ ಹಿರಿಯರ ಪರ್ಸಿನಲ್ಲಿ ಅವಧಿ ಮುಗಿದ ಲೈಸೆನ್ಸ್ ಸದ್ದಿಲ್ಲದೆ ಕುಳಿತಿರುತ್ತದೆ. ಪಾಸ್‌ಪೋರ್ಟ್ ಎಲ್ಲಕ್ಕಿಂತ ಗೌರವದ ದಾಖಲೆಯೆಂದು ನನ್ನ ಸಹೋದ್ಯೋಗಿಗಳು ದೇಶದೊಳಗೂ ಅದನ್ನೇ ಒಯ್ಯುತ್ತಾರೆ. ನಾನು ಒಪ್ಪುವುದಿಲ್ಲ. ಕಳೆದುಕೊಂಡರೆ ಪೊಲೀಸ್ ದೂರು, ಹೊಸ ಅರ್ಜಿ, ಒಳಗಿದ್ದ ವೀಸಾಗಳ ನಷ್ಟ ಇವೆಲ್ಲ ಬೆನ್ನಿಗೆ ಬೀಳುವ ದಾಖಲೆಯನ್ನು, ಅದು ಬೇಕಿಲ್ಲದ ಕಡೆ ಹೊರತೆಗೆದು ಟ್ರೇಯಲ್ಲಿ ಇಡುವುದರಲ್ಲಿ ಅರ್ಥವಿಲ್ಲ. ಪ್ಯಾನ್ ಕಾರ್ಡಿಗೆ ಅವಧಿಯ ಚಿಂತೆಯಿಲ್ಲ, ಆದರೆ ಅದು ಹಣಕಾಸಿನ ಕೀಲಿಕೈ. ಅನಿವಾರ್ಯವಾದಾಗ ಮಾತ್ರ ಅದನ್ನು ತೆಗೆಯುತ್ತೇನೆ. ಮತದಾರರ ಚೀಟಿ ಹೊಸದಾಗಿದ್ದರೆ ಬಹಳ ಒಳ್ಳೆಯದು. ಹಳೆಯದಾದರೆ ಫೋಟೋ ನೋಡಿಯೇ ತೀರ್ಮಾನಿಸಬೇಕು.

ಆಧಾರ್ ನನಗೆ ಎರಡನೆಯ ಆಯ್ಕೆ, ಅದೂ ಮೊಬೈಲಿನ ರೂಪದಲ್ಲಿ. ಇಲ್ಲಿ ಒಂದು ಸೂಕ್ಷ್ಮವಿದೆ. ಗ್ಯಾಲರಿಯಲ್ಲಿ ಉಳಿಸಿಕೊಂಡ ಕಾರ್ಡಿನ ಫೋಟೋ ಬೇರೆ, ಎಂ-ಆಧಾರ್‌ನಲ್ಲಿ ಅಥವಾ ದಾಖಲೆಗಳನ್ನು ಇಟ್ಟುಕೊಳ್ಳುವ ಸರ್ಕಾರಿ ಆಪ್ ಆದ ಡಿಜಿಲಾಕರ್‌ನಲ್ಲಿ ತೆರೆದುಕೊಳ್ಳುವ ದಾಖಲೆ ಬೇರೆ. ಮೊದಲನೆಯದು ಜೆರಾಕ್ಸಿಗೆ ಸಮ. ಡಿಜಿಲಾಕರ್‌ನಲ್ಲಿಯೂ ಇಲಾಖೆಯಿಂದಲೇ ನೇರವಾಗಿ ಬಂದ ದಾಖಲೆಗೆ ಮಾತ್ರ ಮೂಲ ಪ್ರತಿಯ ಮಾನ್ಯತೆಯಿದೆ. ನಾವೇ ಸ್ಕ್ಯಾನ್ ಮಾಡಿ ಏರಿಸಿದ ಕಡತಕ್ಕೆ ಆ ಮಾನ್ಯತೆಯಿಲ್ಲ. ಬಾಗಿಲ ಬಳಿ ಸಿಗ್ನಲ್ ಕೈಕೊಟ್ಟರೆ ಆಪ್ ಸುತ್ತುತ್ತಲೇ ಇರುತ್ತದಾದ್ದರಿಂದ, ಟ್ಯಾಕ್ಸಿ ಇಳಿಯುವ ಮೊದಲೇ ಅದನ್ನು ತೆರೆದಿಟ್ಟುಕೊಳ್ಳುತ್ತೇನೆ. ಮೊದಲ ಚೀಟಿ ಪರ್ಸಿನಲ್ಲಿ, ಎರಡನೆಯದು ಮೊಬೈಲಿನಲ್ಲಿ. ಎರಡೂ ಒಂದೇ ಕಡೆ ಇದ್ದರೆ ಎರಡೂ ಒಟ್ಟಿಗೆ ಕಳೆದುಹೋಗುತ್ತವೆ.

2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಆರಂಭವಾದ ಡಿಜಿಯಾತ್ರಾವನ್ನು ನಾನೂ ಬಳಸುತ್ತೇನೆ. ಮುಖವನ್ನೇ ಗುರುತಾಗಿಸುವ ಈ ವ್ಯವಸ್ಥೆಗೆ ಸೇರುವುದು ಕಡ್ಡಾಯವಲ್ಲ, ಪ್ರಯಾಣಿಕರ ಇಚ್ಛೆಗೆ ಬಿಟ್ಟದ್ದು. ಸೇರುವುದಕ್ಕೆ ಆಧಾರ್ ಬೇಕು. ಆದ್ದರಿಂದ ಅದನ್ನು ಬಳಸುವ ಪ್ರಯಾಣಕ್ಕೆ ಮಾತ್ರ ಟಿಕೆಟಿನ ಹೆಸರನ್ನು ಲೈಸೆನ್ಸಿನಂತೆ ಅಲ್ಲ, ಆಧಾರ್‌ನಂತೆ ತುಂಬುತ್ತೇನೆ. ಸರದಿ ಉದ್ದವಿರುವ ಬೆಳಗಿನ ವಿಮಾನಗಳಿಗೆ ಅದರಿಂದ ಅನುಕೂಲವಾಗಿದೆ. ಆದರೆ ಲಗೇಜು ಒಪ್ಪಿಸುವ ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಿದ್ದುಂಟು, ಹಾಗಾಗಿ ಚೀಟಿಯನ್ನು ಬಿಟ್ಟು ಹೋಗುವುದಿಲ್ಲ.

ಮಕ್ಕಳ ವಿಷಯದಲ್ಲಿ ನಿಯಮ ಉದಾರವಾಗಿದೆ. ಸರಿಯಾದ ಗುರುತಿನ ಚೀಟಿಯಿರುವ ತಂದೆ ತಾಯಿ ಅಥವಾ ಪೋಷಕರ ಜೊತೆ ಹೋಗುವ ಅಪ್ರಾಪ್ತರಿಗೆ ಪ್ರತ್ಯೇಕ ಚೀಟಿ ಬೇಕಿಲ್ಲ. ಎರಡು ವರ್ಷದೊಳಗಿನ ಕೂಸಿಗೆ ಮಾತ್ರ ವಿಮಾನ ಸಂಸ್ಥೆಯವರು ವಯಸ್ಸಿನ ದಾಖಲೆ ಕೇಳುತ್ತಾರೆ. ನಮ್ಮ ಮಗಳು ಚಿಕ್ಕವಳಿದ್ದಾಗ ಅವಳ ಜನನ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಯ್ಯುತ್ತಿದ್ದೆವು.

ತಾಯಿಯವರ ದಾಖಲೆಗಳನ್ನು ಸರಿಪಡಿಸುವುದಕ್ಕೆ ಮಾತ್ರ ಹೆಚ್ಚು ಸಮಯ ಹಿಡಿಯಿತು. ಮೊದಲು ಆಧಾರ್ ಕೇಂದ್ರಕ್ಕೆ ಕರೆದೊಯ್ದು ನನ್ನ ನಂಬರನ್ನು ಜೋಡಿಸಿದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದಾದ್ದರಿಂದ, ಯಾವ ರೂಪ ಉಳಿಯಬೇಕೆಂದು ಅವರನ್ನೇ ಕೇಳಿದೆ. ತಮ್ಮನ್ನು ಊರಿನಲ್ಲಿ ಎಲ್ಲರೂ ಕರೆಯುವ ಹೆಸರೇ ಇರಲಿ, ‘ಅಮ್ಮ’ ಬಿಡಬೇಡ ಎಂದರು. ಹಾಗೆಯೇ ಮಾಡಿಸಿದೆವು. ಮುಂದಿನ ಸಲ ಪ್ರಯಾಣಕ್ಕೆ ಹೊರಟಾಗ ಹಿಂದಿನ ರಾತ್ರಿಯೇ ಅವರು ಹೊಸ ಕಾರ್ಡನ್ನೂ ಟಿಕೆಟಿನ ಪ್ರತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ತಮಗೆ ಇಂಗ್ಲಿಷ್ ಓದಲು ಬಾರದಿದ್ದರೂ ಅಕ್ಷರಗಳ ಆಕಾರವನ್ನು ಒಂದೊಂದಾಗಿ ಹೋಲಿಸಿ ನೋಡಿ, “ಎರಡೂ ಒಂದೇ ಇವೆ” ಎಂದು ನನಗೆ ಹೇಳಿ ಬ್ಯಾಗಿನ ಮುಂದಿನ ಜಿಪ್ಪಿನಲ್ಲಿ ಇಟ್ಟುಕೊಂಡರು.